ಅತ್ತೆಗೆ ಕಾಣುವ ಮಕ್ಕಳು ನಮಗೇಕೆ ಕಾಣುವುದಿಲ್ಲ?

ಕಣ್ಣಿನ ಡಾಕ್ಟರಿಗೆ ಕೇಳಿ

ಕನ್ನಡಕದ ನಂಬರು, ಡ್ರಾಪ್ಸು, ಪೊರೆ ಆಪರೇಷನ್ ಬಗ್ಗೆ ಬಂದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಈ ಸಲ ಆರಿಸಿದ ಪತ್ರಗಳು ಬೇರೆ ಬಗೆಯವು. ಬರೆದವರಲ್ಲಿ ಹೆಚ್ಚಿನವರು ‘ಇದನ್ನು ಯಾರ ಹತ್ತಿರವೂ ಹೇಳಿಲ್ಲ’ ಎಂದು ಸೇರಿಸಿದ್ದಾರೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಅತ್ತೆಗೆ 81 ವರ್ಷ. ಪೊರೆ ತೆಗೆಸಿದ್ದೇವೆ. ಆದರೆ ಮ್ಯಾಕುಲಾ (ಕಣ್ಣಿನ ಹಿಂಪರದೆಯ ನಡುಭಾಗ) ಸವೆದು ಎರಡೂ ಕಣ್ಣಿನ ನಡುವಿನ ದೃಷ್ಟಿ ಹೋಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಈಚೆಗೆ ಸಂಜೆ ಜಗಲಿಯಲ್ಲಿ ಕೂತಾಗ, ಹಸಿರು ಲಂಗ ತೊಟ್ಟ ಚಿಕ್ಕ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿರುತ್ತವೆ ಎನ್ನುತ್ತಾರೆ. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ನಿಂತಿರುತ್ತವಂತೆ. ಒಮ್ಮೊಮ್ಮೆ ಗೋಡೆಯ ತುಂಬ ಬಲೆಯಂಥ ಚಿತ್ತಾರ. ‘ಇರಲಿಕ್ಕಿಲ್ಲ ಅಂತ ಗೊತ್ತು ಮಾರಾಯ್ತಿ, ಆದ್ರೂ ಕಾಣ್ತವೆ’ ಎನ್ನುತ್ತಾರೆ. ಉಳಿದದ್ದರಲ್ಲಿ ಚುರುಕು, ಹಾಲಿನ ಲೆಕ್ಕ ಇವತ್ತಿಗೂ ಅವರದ್ದೇ. ಯಜಮಾನರು ನಿಮಿತ್ತ ಕೇಳಿಸೋಣ ಎನ್ನುತ್ತಾರೆ, ಮೈದುನ ಮಾನಸಿಕ ಆಸ್ಪತ್ರೆಗೆ ತೋರಿಸೋಣ ಎನ್ನುತ್ತಾರೆ. ಯಾರ ಮಾತು ಕೇಳಲಿ? — ಓದುಗಿ, ಶಿರಸಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಅತ್ತೆಯ ಮಾತನ್ನು ಕೇಳಿ. ಬಹಳ ಸರಿಯಾಗಿ ಹೇಳಿದ್ದಾರೆ ಅವರು.

ಪತ್ರ ನೋಡಿ ರೋಗ ಇದೇ ಎಂದು ಹೇಳಿಬಿಡುವುದು ತಪ್ಪು. ಆದರೂ ನೀವು ಬರೆದ ಒಂದೊಂದು ವಿವರವೂ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎಂಬ ಸ್ಥಿತಿಗೆ ಹೊಂದುತ್ತದೆ. ದೃಷ್ಟಿ ಬಹಳ ಕುಂದಿದೆ, ಬುದ್ಧಿ ನೆಟ್ಟಗಿದೆ, ಕಾಣುವವರು ಮಾತಾಡುವುದಿಲ್ಲ, ಅವರು ನಿಜವಾಗಿ ಇಲ್ಲವೆಂದು ನೋಡುವವರಿಗೇ ಗೊತ್ತಿದೆ. ಜಿನೀವಾದ ವಿಜ್ಞಾನಿ ಚಾರ್ಲ್ಸ್ ಬಾನೆ 1760ರಲ್ಲಿ ತನ್ನ ತಾತನ ಅನುಭವವನ್ನು ಬರೆದಿಟ್ಟ. ತಾತನ ವಯಸ್ಸು ತೊಂಬತ್ತರ ಹತ್ತಿರ, ಕಣ್ಣು ಮಂಜು. ಅವರಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣುತ್ತಿದ್ದವು. ಇವೆಲ್ಲ ನಿಜವೆಂದು ತಾತ ಎಂದೂ ಮೋಸಹೋಗಲಿಲ್ಲ. ಮುಂದೆ ಬಾನೆಯ ಕಣ್ಣೂ ಮಂದವಾಯಿತು.

ಇದು ಹೇಗೆ ಆಗುತ್ತದೆ? ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಅವು ಥಲಾಮಸ್ ಎಂಬ ನಡುದಾಣವನ್ನು ತಲುಪುತ್ತವೆ, ಅಲ್ಲಿಂದ ಸುದ್ದಿ ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸಿಗೆ ಹೋಗುತ್ತದೆ. ಇಷ್ಟನ್ನು ನಮಗೆ ಕಾಲೇಜಿನಲ್ಲಿ ಬಾಣದ ಗುರುತು ಹಾಕಿ ಕಲಿಸಿದ್ದರು. ಬಾಣ ಒಂದೇ ದಿಕ್ಕಿಗೆ ಇರುತ್ತಿತ್ತು. ವಾಸ್ತವದಲ್ಲಿ ಥಲಾಮಸ್‌ನ ಆ ದಾಣಕ್ಕೆ ಬರುವ ನರಸಂಪರ್ಕಗಳಲ್ಲಿ ಕಣ್ಣಿನಿಂದ ಬಂದವು ಹತ್ತನೇ ಒಂದು ಪಾಲಿನಷ್ಟು ಮಾತ್ರ. ಉಳಿದವುಗಳಲ್ಲಿ ದೊಡ್ಡ ಪಾಲು ಮಿದುಳಿನಿಂದಲೇ ಹಿಂದಕ್ಕೆ ಬರುವಂಥವು. ಎದುರಿಗೆ ಏನಿರಬಹುದು ಎಂಬ ಅಂದಾಜನ್ನು ಮಿದುಳು ಸದಾ ಕಟ್ಟುತ್ತಿರುತ್ತದೆ, ಕಣ್ಣು ಕಳಿಸುವ ಸುದ್ದಿ ಅದನ್ನು ತಿದ್ದುತ್ತಿರುತ್ತದೆ. ಕರೆಂಟು ಹೋದಾಗ ನಮ್ಮ ಮನೆಯಲ್ಲಿ ನಾವು ಕುರ್ಚಿಗೆ ತಾಗದಂತೆ ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣ ಹುಡುಕುವುದಿಲ್ಲವೇ, ಹಗಲು ಬೆಳಕಿನಲ್ಲೂ ಮಿದುಳು ಮಾಡುವ ಕೆಲಸ ಅಂಥದ್ದೇ.

ಮ್ಯಾಕುಲಾ ಸವೆದಾಗ ತಿದ್ದುವ ಸುದ್ದಿ ನಿಂತುಹೋಗುತ್ತದೆ. ಆದರೆ ಅಲ್ಲಿಯವರೆಗೆ ದುಡಿದ ನರಕೋಶಗಳು ಸುಮ್ಮನಾಗುವುದಿಲ್ಲ, ಇನ್ನಷ್ಟು ಸೂಕ್ಷ್ಮವಾಗಿ ತಾವಾಗಿಯೇ ಮಿಡಿಯತೊಡಗುತ್ತವೆ. ಲಂಡನ್ನಿನಲ್ಲಿ ಡೊಮಿನಿಕ್ ಫಿಚ್ ಮತ್ತು ಸಂಗಡಿಗರು 1998ರಲ್ಲಿ ಇಂಥ ರೋಗಿಗಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ ನೋಡಿದರು. ಮುಖ ಕಾಣುತ್ತಿದೆ ಎಂದವರಲ್ಲಿ ಮುಖ ಗುರುತಿಸುವ ಭಾಗವೇ ಚುರುಕಾಗಿತ್ತು, ಬಣ್ಣ ಕಾಣುತ್ತಿದೆ ಎಂದವರಲ್ಲಿ ಬಣ್ಣದ ಭಾಗ. ಅಂದರೆ ನಿಮ್ಮ ಅತ್ತೆ ‘ಕಲ್ಪಿಸಿಕೊಳ್ಳುತ್ತಿಲ್ಲ’. ನೀವು ನಿಮ್ಮ ಮಗಳನ್ನು ನೋಡುವಾಗ ನಿಮ್ಮ ಮಿದುಳಿನ ಯಾವ ಭಾಗ ದುಡಿಯುತ್ತದೋ, ಆ ಹಸಿರು ಲಂಗದ ಮಕ್ಕಳನ್ನು ನೋಡುವಾಗ ಅವರಲ್ಲೂ ಅಂಥದ್ದೇ ಭಾಗ ದುಡಿಯುತ್ತಿರುತ್ತದೆ. ಅಂಗಳದಲ್ಲಿ ಮಕ್ಕಳಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಮಾಡಬೇಕಾದದ್ದು. ಸಂಜೆ ಆರಕ್ಕೇ ಜಗಲಿಯ ದೀಪ ಹಾಕಿಬಿಡಿ. ಮಬ್ಬು ಬೆಳಕು, ಒಬ್ಬರೇ ಸುಮ್ಮನೆ ಕೂರುವುದು, ಇವೆರಡೂ ಸೇರಿದಾಗ ಇದು ಹೆಚ್ಚು. ಮಕ್ಕಳು ಕಂಡ ಕೂಡಲೇ ತಲೆ ಆಡಿಸದೆ ಕಣ್ಣನ್ನು ಮಾತ್ರ ಎಡಕ್ಕೆ, ಬಲಕ್ಕೆ, ಸೆಕೆಂಡಿಗೊಮ್ಮೆಯಂತೆ ಹದಿನೈದು–ಮೂವತ್ತು ಸೆಕೆಂಡು ಹೊರಳಿಸಲು ಹೇಳಿ. ಹಲವರಲ್ಲಿ ಚಿತ್ರ ಅಲ್ಲೇ ಕರಗುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದರೂ ಆದೀತು. ಸಾಕಷ್ಟು ಜನರಲ್ಲಿ ಇದು ಒಂದೆರಡು ವರ್ಷದಲ್ಲಿ ತಗ್ಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಕಂಡವರು ಮಾತಾಡತೊಡಗಿದರೆ, ಅತ್ತೆ ಅವರಿಗೆ ಊಟ ಬಡಿಸಲು ಹೊರಟರೆ, ಮರೆವು ಜೊತೆಗೂಡಿದರೆ, ಕೈ ನಡುಗಿ ನಡಿಗೆ ನಿಧಾನವಾದರೆ, ಅಥವಾ ಹೊಸ ಮಾತ್ರೆ ಶುರುಮಾಡಿದ ಮೇಲೆ ಇದು ಬಂದದ್ದಾದರೆ ನರರೋಗ ತಜ್ಞರಿಗೆ ತೋರಿಸಲೇಬೇಕು.

ಮ್ಯಾಕುಲಾ ತೊಂದರೆಯ ಪ್ರತಿ ರೋಗಿಯನ್ನೂ ನಾನು ಒಂದು ಪ್ರಶ್ನೆ ಕೇಳುತ್ತೇನೆ: ‘ಇಲ್ಲದ್ದು ಏನಾದರೂ ಕಾಣುತ್ತದೆಯೇ?’ ಜೊತೆಗೆ ಬಂದ ಮಗನೋ ಸೊಸೆಯೋ ಕೂತಿದ್ದರೆ ‘ಇಲ್ಲ’ ಎಂದೇ ಉತ್ತರ. ಅವರು ಔಷಧಿ ಚೀಟಿ ಹಿಡಿದು ಕೌಂಟರಿಗೆ ಹೋದ ಮೇಲೆ ಇನ್ನೊಮ್ಮೆ ಕೇಳಬೇಕು. ಆಗ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ‘ಬಚ್ಚಲಮನೆ ಗೋಡೆ ಮೇಲೆ ಅಕ್ಷರ ಕಾಣ್ತದೆ ಡಾಕ್ಟ್ರೇ, ಓದಕ್ಕಾಗಲ್ಲ’ ಎಂದು ಒಬ್ಬರು ಹೇಳಿದರು. ಹೇಳಿ ಮುಗಿಸಿದವರೇ ಬಾಗಿಲ ಕಡೆ ನೋಡಿದರು, ಮಗ ಕೇಳಿಸಿಕೊಂಡನೋ ಎಂದು. ಹುಚ್ಚು ಎನ್ನಿಸಿಕೊಳ್ಳುವ ಈ ಭಯ ಆ ಚಿತ್ರಗಳಿಗಿಂತ ಹೆಚ್ಚು ನೋವು ಕೊಡುತ್ತದೆ. ನಿಮ್ಮ ಅತ್ತೆ ಬಾಯಿಬಿಟ್ಟು ಹೇಳಿದ್ದಾರೆ, ನೀವು ಕೇಳಿಸಿಕೊಂಡಿದ್ದೀರಿ. ಯಜಮಾನರಿಗೂ ಮೈದುನನಿಗೂ ಈ ಪುಟ ಓದಿ ಹೇಳಿ.

ಪ್ರಶ್ನೆ: ಹಂಪಿಯ ವಿರೂಪಾಕ್ಷ ದೇವಸ್ಥಾನದ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೋಡಿದ್ದೇನೆ. ಕಣ್ಣಿನೊಳಗೂ ಚಿತ್ರ ಹಾಗೇ ಬೀಳುತ್ತದೆ ಎಂದು ಮೇಡಂ ಹೇಳಿದರು. ಹಾಗಾದರೆ ಅದನ್ನು ನೆಟ್ಟಗೆ ಮಾಡುವುದು ಮಿದುಳಿನ ಯಾವ ಭಾಗ? — 9ನೇ ತರಗತಿ ವಿದ್ಯಾರ್ಥಿ, ಹೊಸಪೇಟೆ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀಯ ಮಗು. ದೊಡ್ಡ ದೊಡ್ಡವರು ಈ ಪ್ರಶ್ನೆಯೊಂದಿಗೆ ಗುದ್ದಾಡಿದ್ದಾರೆ. ಗೋಡೆಯ ಕಿಂಡಿಯಿಂದ ಬಂದ ಬೆಳಕು ನೇರಗೆರೆಯಲ್ಲಿ ಸಾಗುವುದರಿಂದ ಗೋಪುರದ ತುದಿ ಕೆಳಕ್ಕೂ ಬುಡ ಮೇಲಕ್ಕೂ ಬೀಳುತ್ತದೆ. ಅಕ್ಷಿಪಟಲದ ಮೇಲೂ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ ಎಂದು ಕೆಪ್ಲರ್ 1604ರಲ್ಲಿ ಬರೆದ. ಹೌದು, ಗ್ರಹಗಳ ನಿಯಮಗಳನ್ನು ಕೊಟ್ಟ ಕೆಪ್ಲರನೇ.

ನಿನ್ನ ಪ್ರಶ್ನೆಗೆ ಉತ್ತರ: ಯಾವ ಭಾಗವೂ ಅದನ್ನು ತಿರುಗಿಸುವುದಿಲ್ಲ. ತಿರುಗಿಸಬೇಕಾದರೆ ಒಳಗೆ ಕೂತು ಆ ಚಿತ್ರವನ್ನು ನೋಡುವವನೊಬ್ಬ ಇರಬೇಕಾಗಿತ್ತು, ಅವನಿಗೊಂದು ಕಣ್ಣು, ಆ ಕಣ್ಣಿನ ಹಿಂದೆ ಇನ್ನೊಬ್ಬ... ಹೀಗೆ ಮುಗಿಯುವುದೇ ಇಲ್ಲ. ಮಿದುಳಿನೊಳಗೆ ಬೆಳಕಿಲ್ಲ, ಚಿತ್ರವೂ ಇಲ್ಲ. ನರದ ಮಿಡಿತಗಳಿವೆ. ಯಾವ ಮಿಡಿತ ಬಂದಾಗ ಕೈಯನ್ನು ಮೇಲಕ್ಕೆ ಚಾಚಬೇಕು, ಯಾವುದು ಬಂದಾಗ ಕಾಲಿನ ಕಡೆ ಬಗ್ಗಬೇಕು ಎಂಬ ಹೊಂದಾಣಿಕೆ ಇದೆ. ಕ್ಯಾಲಿಫೋರ್ನಿಯಾದ ಜಾರ್ಜ್ ಸ್ಟ್ರಾಟನ್ ಎಂಬ ಮನಶ್ಶಾಸ್ತ್ರಜ್ಞ 1890ರ ದಶಕದಲ್ಲಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಇನ್ನೊಂದಕ್ಕೆ ಎಲ್ಲವನ್ನೂ ತಲೆಕೆಳಗು ಮಾಡುವ ಮಸೂರ ಹಾಕಿಕೊಂಡು ಎಂಟು ದಿನ ಕಳೆದ. ಮೊದಮೊದಲು ಕೈ ಚಾಚಿದ್ದೊಂದು ಕಡೆ, ಸಾಮಾನು ಇದ್ದದ್ದು ಇನ್ನೊಂದು ಕಡೆ. ಕೊನೆಕೊನೆಗೆ ಸಲೀಸಾಗಿ ಓಡಾಡತೊಡಗಿದ.

ಈಗ ನೀನೊಂದು ಪ್ರಯೋಗ ಮಾಡು. ರಫ್ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಎಡಕ್ಕೆ ಒಂದು ಕೂಡುವ ಚಿಹ್ನೆ, ಅದರಿಂದ ಬಲಕ್ಕೆ 7 ಸೆಂಟಿಮೀಟರ್ ದೂರದಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ಕಪ್ಪು ಚುಕ್ಕೆ ಬರೆ. ಎಡಗಣ್ಣು ಮುಚ್ಚು. ಬಲಗಣ್ಣಿನಿಂದ ಕೂಡುವ ಚಿಹ್ನೆಯನ್ನೇ ನೋಡು, ಚುಕ್ಕೆಯ ಕಡೆ ಕಣ್ಣು ಹೊರಳಿಸಬೇಡ. ಹಾಳೆಯನ್ನು ತೋಳಿನಷ್ಟು ದೂರದಿಂದ ನಿಧಾನವಾಗಿ ಹತ್ತಿರ ತಾ. ಕಣ್ಣಿನಿಂದ ಸುಮಾರು 25 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಆಗ ಚುಕ್ಕೆಯ ಬಿಂಬ ಬೀಳುವುದು ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದ ಮೇಲೆ, ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. 1660ರ ದಶಕದಲ್ಲಿ ಫ್ರಾನ್ಸಿನ ಮಾರಿಯಾಟ್ ಇದನ್ನು ಕಂಡುಹಿಡಿದ.

ನಾನು ನಿನ್ನಿಂದ ಗಮನವಿಟ್ಟು ನೋಡಿಸಬೇಕೆಂದಿರುವುದು ಮುಂದಿನದು. ಚುಕ್ಕೆ ಹೋದ ಜಾಗದಲ್ಲಿ ಏನು ಕಾಣುತ್ತದೆ? ಕಪ್ಪು ತೂತು ಕಾಣುವುದಿಲ್ಲ, ಬಿಳಿ ಹಾಳೆಯೇ ಕಾಣುತ್ತದೆ. ಈಗ ಚುಕ್ಕೆಯ ನಡುವೆ ಹಾದುಹೋಗುವಂತೆ ಮೇಲಿನಿಂದ ಕೆಳಕ್ಕೆ ದಪ್ಪಗೆ ಒಂದು ನೀಲಿ ಗೆರೆ ಎಳೆದು ಮತ್ತೆ ನೋಡು. ಚುಕ್ಕೆ ಹೋಗುತ್ತದೆ, ಗೆರೆ ಮಾತ್ರ ಎಲ್ಲೂ ತುಂಡಾಗದೆ ನಿಂತಿರುತ್ತದೆ. ಆ ಜಾಗದಿಂದ ಒಂದಕ್ಷರದ ಸುದ್ದಿಯೂ ಬರುತ್ತಿಲ್ಲ, ಆದರೂ ಅಲ್ಲಿ ಗೆರೆ ಕಾಣುತ್ತಿದೆ. ಅಷ್ಟು ಗೆರೆ ನಿನ್ನ ಮಿದುಳಿನದು.

ಮನೆಗೆ ಹೋದ ಮೇಲೆ ಕನ್ನಡಿಯೆದುರು ನಿಂತು ನಿನ್ನ ಎಡಗಣ್ಣನ್ನೊಮ್ಮೆ, ಬಲಗಣ್ಣನ್ನೊಮ್ಮೆ ನೋಡು. ನಿನ್ನ ಕಣ್ಣು ಹೊರಳುವುದು ನಿನಗೆ ಕಾಣಲೇ ಇಲ್ಲ, ಪಕ್ಕದಲ್ಲಿ ನಿಂತ ತಂಗಿಗೆ ಚೆನ್ನಾಗಿ ಕಾಣುತ್ತದೆ. ಕಣ್ಣು ಸೆಕೆಂಡಿಗೆ ಮೂರು ಸಲದಂತೆ ನೆಗೆಯುತ್ತಲೇ ಇರುತ್ತದೆ. ನೆಗೆಯುವ ಆ ಕ್ಷಣದ ಕಲಸುಮೇಲೋಗರವನ್ನು ಮಿದುಳು ಅದುಮಿಡುತ್ತದೆ. ಮೇಡಂ ಹತ್ತಿರ ಇಡೀ ತರಗತಿಗೆ ಮಾಡಿಸಲು ಹೇಳು.

ಪ್ರಶ್ನೆ: ಟೆಂಪೊ ಓಡಿಸಿ ಹೊಟ್ಟೆ ಹೊರೆಯುವವನು ನಾನು. ಹೋದ ತಿಂಗಳು ಅಡ್ಡರಸ್ತೆಯಿಂದ ಮೇನ್ ರೋಡಿಗೆ ಇಳಿಯುವಾಗ ಬಲಕ್ಕೆ ನೋಡಿದೆ, ದೇವರಾಣೆ ಖಾಲಿ ಇತ್ತು. ಮುಂದೆ ತೆಗೆದೆ, ಬೈಕ್ ಬಂದು ಬಡಿಯಿತು. ಹುಡುಗನ ಮೊಣಕೈ ತರಚಿತು, ದೇವರ ದಯೆ. ಫೋನಿನಲ್ಲಿ ಮಾತಾಡುತ್ತಿದ್ದೆ ನಿಜ, ಆದರೆ ಇಯರ್‌ಫೋನ್ ಇತ್ತು, ಎರಡೂ ಕೈ ಸ್ಟೀರಿಂಗ್ ಮೇಲೇ ಇತ್ತು. ಕಣ್ಣು ಚೆಕ್ ಮಾಡಿಸಿದೆ, 6/6 ಎಂದರು. ಕಣ್ಣು ಚೆನ್ನಾಗಿದ್ದೂ ಯಾಕೆ ಕಾಣಲಿಲ್ಲ? — ಓದುಗ, ದಾವಣಗೆರೆ

ಉತ್ತರ: ನೀವು ಸುಳ್ಳು ಹೇಳುತ್ತಿಲ್ಲ ಎಂದು ನಾನು ನಂಬುತ್ತೇನೆ. ಬೈಕಿನ ಬೆಳಕು ನಿಮ್ಮ ಕಣ್ಣಿಗೆ ಬಿದ್ದೇ ಇರಬಹುದು, ನಿಮಗೆ ಕಂಡಿಲ್ಲ. ಇವೆರಡೂ ಬೇರೆ ಬೇರೆ ಸಂಗತಿಗಳು.

1999ರಲ್ಲಿ ಹಾರ್ವರ್ಡ್‌ನಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಒಂದು ವಿಡಿಯೊ ತೋರಿಸಿದರು. ಬಿಳಿ ಅಂಗಿಯವರು ಚೆಂಡನ್ನು ಎಷ್ಟು ಸಲ ಒಬ್ಬರಿಂದೊಬ್ಬರಿಗೆ ಎಸೆಯುತ್ತಾರೆ, ಎಣಿಸಿ ಎಂದರು. ನಡುವೆ ಗೊರಿಲ್ಲಾ ವೇಷ ತೊಟ್ಟವರೊಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಸುಮಾರು ಅರ್ಧ ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ. ನೋಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೂ ಹೀಗಾಗುತ್ತದೆ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 24 ರೇಡಿಯಾಲಜಿಸ್ಟರು ಶ್ವಾಸಕೋಶದ ಸಿ.ಟಿ. ಸ್ಕ್ಯಾನಿನಲ್ಲಿ ಗಂಟು ಹುಡುಕುತ್ತಿದ್ದರು. ಚಿತ್ರದಲ್ಲಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾವನ್ನು ಸೇರಿಸಲಾಗಿತ್ತು. 20 ಜನ ಗಮನಿಸಲಿಲ್ಲ. ಕಣ್ಣಿನ ಚಲನೆ ಅಳೆದಾಗ, ಅವರಲ್ಲಿ ಹೆಚ್ಚಿನವರು ನೇರ ಅದರ ಮೇಲೇ ದೃಷ್ಟಿ ನೆಟ್ಟಿದ್ದರೆಂದು ತಿಳಿಯಿತು. ನಾನೂ ದಿನವಿಡೀ ಸ್ಕ್ಯಾನ್ ನೋಡುವವಳು. ಇದನ್ನು ಓದಿದಾಗಿನಿಂದ ಒಂದು ರೋಗ ಹುಡುಕಿ ಮುಗಿದ ಮೇಲೆ, ಏನನ್ನೂ ಹುಡುಕದೆ ಚಿತ್ರವನ್ನು ಇನ್ನೊಮ್ಮೆ ನೋಡುವ ರೂಢಿ ಮಾಡಿಕೊಂಡಿದ್ದೇನೆ.

ತೋಳು ಚಾಚಿ ಹೆಬ್ಬೆರಳ ಉಗುರನ್ನು ನೋಡಿ. ನಮಗೆ ನಿಚ್ಚಳವಾಗಿ ಕಾಣುವುದು ಸರಿಸುಮಾರು ಅಷ್ಟೇ ಜಾಗ. ಸುತ್ತಲಿನದೆಲ್ಲ ಮಸುಕು. ಇಡೀ ರಸ್ತೆ ಸ್ಪಷ್ಟವಾಗಿ ಕಂಡಂತೆ ಅನ್ನಿಸುವುದು ಮಿದುಳು ಹೊಂದಿಸಿಕೊಟ್ಟ ಅನುಭವ. ಅದಕ್ಕೆ ಗಮನ ಬೇಕು, ಮತ್ತು ಗಮನದ ಬುತ್ತಿ ದೊಡ್ಡದಲ್ಲ. ಫೋನಿನ ಆಚೆಯವರ ಮಾತು ಅದರಲ್ಲಿ ಪಾಲು ತಿನ್ನುತ್ತದೆ. ಕೈ ಖಾಲಿ ಇದ್ದ ಮಾತ್ರಕ್ಕೆ ಮನಸ್ಸು ಖಾಲಿ ಇರುವುದಿಲ್ಲ. ಅಮೆರಿಕದ ಯೂಟಾದಲ್ಲಿ ಡೇವಿಡ್ ಸ್ಟ್ರೇಯರ್ ಅವರ ತಂಡ ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿದಾಗ, ಕೈಯಲ್ಲಿ ಫೋನ್ ಹಿಡಿಯದೆ ಮಾತಾಡುತ್ತಿದ್ದವರೂ ತಾವು ಕಣ್ಣು ನೆಟ್ಟಿದ್ದ ಫಲಕಗಳನ್ನೇ ಆಮೇಲೆ ಗುರುತು ಹಿಡಿಯಲು ಸೋತರು.

ಆದ್ದರಿಂದ ನೇರವಾಗಿ ಹೇಳುತ್ತೇನೆ: ಗಾಡಿ ಓಡುವಾಗ ಫೋನ್ ಬೇಡ, ಇಯರ್‌ಫೋನೂ ಬೇಡ. ಬಾಡಿಗೆ ಕೇಳುವವರು ಹತ್ತು ನಿಮಿಷ ಕಾಯುತ್ತಾರೆ. ಅಡ್ಡರಸ್ತೆಯಲ್ಲಿ ತಲೆಯನ್ನು ಒಮ್ಮೆಗೇ ಬೀಸಿ ನೋಡಿದರೆ ಸಾಲದು, ಕಣ್ಣು ನೆಗೆಯುವಾಗ ಮಿದುಳಿಗೆ ಏನೂ ದಕ್ಕುವುದಿಲ್ಲ. ಹತ್ತಿರ, ನಡುವೆ, ದೂರ ಎಂದು ಮೂರು ಕಡೆ ದೃಷ್ಟಿ ನಿಲ್ಲಿಸಿ. ಎದುರು ಗಾಜಿನ ಪಕ್ಕದ ಕಂಬ ಒಂದಿಡೀ ಬೈಕನ್ನು ಮರೆಮಾಡುತ್ತದೆ, ಮುಂದಕ್ಕೆ ಬಾಗಿ ನೋಡಿ. ‘ಬೈಕ್ ಬರ್ತಿದೆಯಾ’ ಎಂದು ಮನಸ್ಸಿನಲ್ಲೇ ಕೇಳಿಕೊಂಡು ನೋಡಿದರೆ ಕಾಣುವ ಸಾಧ್ಯತೆ ಹೆಚ್ಚು, ಏಕೆಂದರೆ ಮಿದುಳು ಹುಡುಕುತ್ತಿರುವುದು ಬೇಗ ಸಿಗುತ್ತದೆ.

ಪ್ರಶ್ನೆ: ಯೋಗ ತರಗತಿಯಲ್ಲಿ ‘ಕಣ್ಣು ಮುಚ್ಚಿ ಇಷ್ಟದೇವರ ರೂಪವನ್ನು ಪಾದದಿಂದ ಕಿರೀಟದವರೆಗೆ ನೋಡಿ’ ಎನ್ನುತ್ತಾರೆ. ನನಗೆ ಕತ್ತಲೆ ಬಿಟ್ಟು ಏನೂ ಇಲ್ಲ. ಚಿಕ್ಕಂದಿನಿಂದಲೂ ಹೀಗೇ. ಬೇರೆಯವರು ‘ನೋಡಿ’ ಎನ್ನುವುದು ಮಾತಿನ ರೂಢಿ ಎಂದುಕೊಂಡಿದ್ದೆ. ತೀರಿಕೊಂಡ ಅಮ್ಮನ ಮುಖವೂ ಬರುವುದಿಲ್ಲ. ಭಕ್ತಿ, ಏಕಾಗ್ರತೆ ಸಾಲದು ಎಂದರು. — ಓದುಗಿ, ಮೈಸೂರು

ಉತ್ತರ: ಇದು ಭಕ್ತಿಯ ಕೊರತೆಯಲ್ಲ, ಪ್ರೀತಿಯ ಕೊರತೆ ಮೊದಲೇ ಅಲ್ಲ. 1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನಲ್ಲಿ ಹಲವರಿಗೆ ಪತ್ರ ಬರೆದು, ‘ಈ ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ಮನಸ್ಸಿಗೆ ತಂದುಕೊಳ್ಳಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ?’ ಎಂದು ಕೇಳಿದ. ಕೆಲವರಿಗೆ ಎದುರಿಗೇ ಇದ್ದಷ್ಟು ನಿಚ್ಚಳ, ಕೆಲವರಿಗೆ ಏನೂ ಇಲ್ಲ. ಏನೂ ಕಾಣದವರಲ್ಲಿ ಒಳ್ಳೆಯ ವಿಜ್ಞಾನಿಗಳಿದ್ದರು. ಈ ಸ್ಥಿತಿಗೆ 2015ರಲ್ಲಿ ಬ್ರಿಟನ್ನಿನ ನರವಿಜ್ಞಾನಿ ಆ್ಯಡಮ್ ಝೀಮನ್ ‘ಅಫಾಂಟೇಸಿಯಾ’ ಎಂದು ಹೆಸರಿಟ್ಟರು. ನೂರಕ್ಕೆ ಸುಮಾರು ಒಬ್ಬರಿಗೆ ಇದು ಪೂರ್ತಿಯಾಗಿ ಇರುತ್ತದೆಂದು ಅಂದಾಜು. ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ಎಡ್ ಕ್ಯಾಟ್ಮಲ್‌ಗೂ ಮನಸ್ಸಿನಲ್ಲಿ ಚಿತ್ರ ಬರುವುದಿಲ್ಲ. ಅನಿಮೇಷನ್ ಲೋಕವನ್ನೇ ಬದಲಿಸಿದವರು ಅವರು!

ನೀವು ಹೇಳುವುದು ಬರೀ ಅನ್ನಿಸಿಕೆಯೂ ಅಲ್ಲ. ಹೆಚ್ಚಿನವರು ಹೊಳೆಯುವ ಆಕಾರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಸಾಕು, ಕಣ್ಣಿನ ಪಾಪೆ ನಿಜ ಬೆಳಕು ಬಿದ್ದಂತೆ ಕುಗ್ಗುತ್ತದೆ. ಅಫಾಂಟೇಸಿಯಾ ಇರುವವರಲ್ಲಿ ಹಾಗೆ ಕುಗ್ಗುವುದು ಕಾಣಲಿಲ್ಲ ಎಂದು ಆಸ್ಟ್ರೇಲಿಯಾದ ಸಂಶೋಧಕರು 2022ರಲ್ಲಿ ತೋರಿಸಿದರು. ನಿಜ ಬೆಳಕಿಗೆ ಅವರ ಪಾಪೆಯೂ ಎಲ್ಲರಂತೆಯೇ ಕುಗ್ಗುತ್ತದೆ, ಕಣ್ಣಿನಲ್ಲಿ ದೋಷವಿಲ್ಲ. ಅಮ್ಮ ಬಾಗಿಲಲ್ಲಿ ನಿಂತ ಫೋಟೊ ನೋಡಿದರೆ ನೀವು ತಕ್ಷಣ ಗುರುತಿಸುತ್ತೀರಿ ಅಲ್ಲವೇ? ಅಂದರೆ ಮುಖದ ನೆನಪು ಒಳಗೆ ಭದ್ರವಾಗಿದೆ, ಅದನ್ನು ಚಿತ್ರವಾಗಿ ಮೇಲಕ್ಕೆ ತರುವ ದಾರಿ ಮಾತ್ರ ನಿಮಗಿಲ್ಲ. ಅಮ್ಮನ ಫೋಟೊಗಳನ್ನು ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ. ಅವರ ದನಿಯ ರೆಕಾರ್ಡಿಂಗ್ ಯಾರದಾದರೂ ಫೋನಿನಲ್ಲಿದ್ದರೆ ಈಗಲೇ ತೆಗೆದಿಡಿ. ಧ್ಯಾನಕ್ಕೆ ರೂಪವೇ ಬೇಕೆಂದೇನೂ ಇಲ್ಲ, ಉಸಿರಿದೆ, ನಾಮಜಪವಿದೆ, ಈ ನಾಡಿನ ಶರಣರಿಗೆ ನಿರಾಕಾರ ಹೊಸತೂ ಅಲ್ಲ. ನಿಮ್ಮ ಶಿಕ್ಷಕರಿಗೆ ಇಷ್ಟನ್ನು ಹೇಳಿ. ಆ ತರಗತಿಯಲ್ಲಿ ಕತ್ತಲೆಯನ್ನೇ ನೋಡುತ್ತ ಸುಮ್ಮನೆ ಕೂತವರು ಇನ್ನೊಬ್ಬರಾದರೂ ಇರಬಹುದು.

(ಹುಟ್ಟಿನಿಂದ ಇದ್ದವರಿಗೆ ಈ ಮಾತು. ಮೊದಲು ಚಿತ್ರ ಬರುತ್ತಿದ್ದು, ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಿನ ನಂತರ ನಿಂತಿದ್ದರೆ ವೈದ್ಯರಿಗೆ ಹೇಳಬೇಕು.)

ಪ್ರಶ್ನೆ: ಎಂಟು ವರ್ಷದ ಮಗನಿಗೆ ಎಡಗಣ್ಣು ‘ಸೋಮಾರಿ ಕಣ್ಣು’ ಎಂದಿದ್ದಾರೆ. ಕನ್ನಡಕ ಹಾಕಿದರೂ ಆ ಕಣ್ಣಿಗೆ ಪೂರ್ತಿ ಕಾಣುತ್ತಿಲ್ಲ. ಒಳ್ಳೆಯ ಕಣ್ಣನ್ನು ಮುಚ್ಚಿಸಲು ಹೇಳಿದರು. ಶಾಲೆಯಲ್ಲಿ ಮಕ್ಕಳು ರೇಗಿಸುತ್ತಾರೆಂದು ಬೇಸಿಗೆ ರಜೆಯವರೆಗೆ ಮುಂದೂಡಬಹುದೇ? — ತಂದೆ, ಬಾಗಲಕೋಟೆ

ಉತ್ತರ: ಮುಂದೂಡಬೇಡಿ. ಕಣ್ಣು ಸೋಮಾರಿಯಲ್ಲ. ಆ ಕಣ್ಣಿನಿಂದ ಮಸುಕು ಸುದ್ದಿಯೇ ಬರುತ್ತಿದ್ದುದರಿಂದ ಮಿದುಳು ಅದನ್ನು ಕೇಳುವುದನ್ನೇ ಬಿಟ್ಟಿದೆ. ಕನ್ನಡಕ ಕಣ್ಣನ್ನು ಸರಿಮಾಡುತ್ತದೆ, ಮಿದುಳಿಗೆ ಅಭ್ಯಾಸ ಮಾಡಿಸಲು ಪಟ್ಟಿಯೇ ಬೇಕು. ಎಳವೆಯಲ್ಲಿ ಒಂದು ಕಣ್ಣಿಗೆ ನೋಟ ಸಿಗದಿದ್ದರೆ ಮಿದುಳಿನ ಕೋಶಗಳು ಇನ್ನೊಂದು ಕಣ್ಣಿನ ಪಾಲಾಗುತ್ತವೆ ಎಂದು ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳಲ್ಲಿ ತೋರಿಸಿದರು. ದೃಷ್ಟಿಯ ಕುರಿತ ಸಂಶೋಧನೆಗಾಗಿ ಅವರಿಗೆ 1981ರಲ್ಲಿ ನೊಬೆಲ್ ಬಂತು.

ಏಳು ವರ್ಷದೊಳಗೆ ಶುರುಮಾಡಿದರೆ ಫಲ ಹೆಚ್ಚು ನಿಜ, ಆದರೆ ಎಂಟಕ್ಕೆ ಬಾಗಿಲು ಮುಚ್ಚಿಲ್ಲ. 7ರಿಂದ 12 ವರ್ಷದ ಮಕ್ಕಳಲ್ಲೂ ಚಿಕಿತ್ಸೆಯಿಂದ ಸುಮಾರು ಅರ್ಧದಷ್ಟು ಮಂದಿಗೆ ದೃಷ್ಟಿ ಸುಧಾರಿಸಿದೆ. ಹುಟ್ಟುಗುರುಡಿದ್ದ ನಮ್ಮ ದೇಶದ ಮಕ್ಕಳಿಗೆ ಎಂಟು, ಹತ್ತು, ಹದಿನೇಳನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದ ಪವನ್ ಸಿನ್ಹಾ ಅವರ ‘ಪ್ರಕಾಶ್’ ಯೋಜನೆ, ತಡವಾಗಿ ಬೆಳಕು ಸಿಕ್ಕ ಮಿದುಳೂ ನೋಡಲು ಕಲಿಯುತ್ತದೆ ಎಂದು ತೋರಿಸಿಕೊಟ್ಟಿದೆ. ಕೈಯಿಂದ ಮುಟ್ಟಿ ತಿಳಿದ ಆಟಿಕೆಯನ್ನು ಬರೀ ನೋಡಿ ಗುರುತಿಸಲು ಆ ಮಕ್ಕಳಿಗೆ ಮೊದಲ ದಿನಗಳಲ್ಲಿ ಆಗಲಿಲ್ಲ. ಕೆಲವೇ ದಿನ, ವಾರಗಳಲ್ಲಿ ಆಯಿತು.

ಶಾಲೆಯ ಮುಜುಗರಕ್ಕೆ ದಾರಿಯಿದೆ. ದಿನಕ್ಕೆ ಎಷ್ಟು ಗಂಟೆ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಮಧ್ಯಮ ಮಟ್ಟದ್ದಾದರೆ ಎರಡು ಗಂಟೆಯಿಂದ ಶುರುಮಾಡುವುದುಂಟು. ಶಾಲೆ ಬಿಟ್ಟು ಬಂದ ಮೇಲೆ, ಬಲಗಣ್ಣಿಗೆ ಕನ್ನಡಕದೊಳಗೆ ಪಟ್ಟಿ ಅಂಟಿಸಿ, ಹತ್ತಿರದಿಂದ ನೋಡುವ ಕೆಲಸ ಕೊಡಿ: ಚಿತ್ರಕ್ಕೆ ಬಣ್ಣ ತುಂಬುವುದು, ಮಣಿ ಪೋಣಿಸುವುದು, ಅಕ್ಕಿ ಆರಿಸುವುದು. ಮೊದಲ ವಾರ ಅಳುತ್ತಾನೆ, ಓರೆಯಿಂದ ಇಣುಕುತ್ತಾನೆ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಪಟ್ಟಿ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ನಾಳೆಯೇ ತನ್ನಿ.